ಡಬ್ಬದ ಮುಂದಿರೋ ‘ನ್ಯಾನೋ’ ಹಿಂದೆ ಯಾಕಿಲ್ಲ?

ಮನೆಗೆ ಬಣ್ಣ ಹೊಡೆಸಿ ಹನ್ನೊಂದು ವರ್ಷ ಆಗಿತ್ತು. ಹಬ್ಬಕ್ಕೆ ಮುಂಚೆ ಮುಗಿಸಿಬಿಡೋಣ ಅಂತ ಪೇಂಟ್ ಅಂಗಡಿಗೆ ಹೋದೆ. ಅಂಗಡಿಯವರು ಶೇಡ್ ಕಾರ್ಡ್ ಪಕ್ಕಕ್ಕಿಟ್ಟು, "ಮಾಮೂಲಿ ಎಮಲ್ಷನ್ ಬಿಡಿ ಸಾರ್, ಇದು ನ್ಯಾನೋ ಟೆಕ್ನಾಲಜಿ. ಬೆಳ್ಳಿ ಇದೆ, ಬ್ಯಾಕ್ಟೀರಿಯಾ ಸಾಯುತ್ತೆ, ಗಾಳೀನೂ ಕ್ಲೀನ್ ಮಾಡುತ್ತೆ" ಅಂದರು. ರೇಟು ಒಂದೂವರೆ ಪಟ್ಟು. ಡಬ್ಬದ ಮುಂದೆ ಅಂಗೈಯಗಲ ನ್ಯಾನೋ ಅಂತ ಬರೆದಿತ್ತು. ತಿರುಗಿಸಿ ನೋಡಿದೆ. ಎಷ್ಟು ನೀರು ಬೆರೆಸಬೇಕು, ಎಷ್ಟು ಗಂಟೆ ಒಣಗಬೇಕು, ಮಕ್ಕಳ ಕೈಗೆ ಸಿಗದಂತೆ ಇಡಿ. ಒಳಗಿರೋ ನ್ಯಾನೋ ಯಾವುದು, ಎಷ್ಟು ಅನ್ನೋದಕ್ಕೆ ಒಂದಕ್ಷರ ಇಲ್ಲ. "ಇದರ ಸೇಫ್ಟಿ ಡೇಟಾ ಶೀಟ್ ಇದ್ಯಾ, ಒಳಗೇನಿದೆ, ಅಪಾಯ ಏನು ಅಂತ ಹೇಳೋ ಕಾಗದ?" ಅಂತ ಕೇಳಿದೆ. ತರಕಾರಿ ಅಂಗಡೀಲಿ ಬದನೆಕಾಯಿಯ ಜಾತಕ ಕೇಳಿದವನನ್ನ ನೋಡೋ ಹಾಗೆ ನೋಡಿದರು.

ನಾನೇನೂ ನ್ಯಾನೋ ಅಂದ ತಕ್ಷಣ ಬೆಚ್ಚಿಬೀಳೋ ಪೈಕಿ ಅಲ್ಲ. ಒಂದು ಮಿಲಿಮೀಟರನ್ನ ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳನ್ನ ನ್ಯಾನೋ ಅಂತಾರೆ. ತಮಾಷೆ ಏನಂದ್ರೆ, ಬಿಳಿ ಪೇಂಟಿಗೆ ಬಿಳುಪು ಕೊಡೋ ಟೈಟಾನಿಯಂ ಡೈಆಕ್ಸೈಡ್ ಬಹುಪಾಲು ಈ ಲೆಕ್ಕಕ್ಕೇ ಬರಲ್ಲ. ಬೆಳಕನ್ನ ಚೆನ್ನಾಗಿ ಚದುರಿಸಬೇಕು ಅಂದ್ರೆ ಕಣ 200–300 ನ್ಯಾನೋಮೀಟರ್ ಇರಬೇಕು. ಅದಕ್ಕಿಂತ ಬಹಳ ಸಣ್ಣದು ಮಾಡಿದರೆ ಬಿಳುಪೇ ಹೋಗಿ ಪಾರದರ್ಶಕ ಆಗುತ್ತೆ. ಮುಖಕ್ಕೆ ಹಚ್ಚಿದ ಸನ್‌ಸ್ಕ್ರೀನ್ ಈಗೀಗ ಸುಣ್ಣ ಬಳಿದ ಹಾಗೆ ಕಾಣದಿರೋದು ಇದರಿಂದಲೇ. ಅಂದ್ರೆ ಪೇಂಟಿಗೆ ನಿಜವಾದ ನ್ಯಾನೋ ಸೇರಿಸೋದು ಬೇರೆ ಕೆಲಸಕ್ಕೆ: ಬೆಳ್ಳಿ ಬೂಷ್ಟು ಬರದಿರಲಿ ಅಂತ, ಸಿಲಿಕಾ ಗಟ್ಟಿಯಾಗಲಿ ಅಂತ, ನ್ಯಾನೋ ಟೈಟಾನಿಯಂ ಡೈಆಕ್ಸೈಡ್ (ಮುಂದೆ ಬರೀ ಟೈಟಾನಿಯಂ ಅಂತೀನಿ), ಗೋಡೆ ತನ್ನನ್ನ ತಾನೇ ತೊಳ್ಕೊಳ್ಳಲಿ ಅಂತ.

ಗೋಡೆ ಮೇಲೆ ಒಣಗಿ ಕೂತ ಪೇಂಟಿನಿಂದ ಮನೆಯವರಿಗೆ ದೊಡ್ಡ ಅಪಾಯ ಇದೆ ಅಂತ ನನಗನ್ನಿಸಲ್ಲ. ಕಣಗಳು ಬೈಂಡರಿನಲ್ಲಿ, ಅಂದ್ರೆ ಪೇಂಟನ್ನ ಗೋಡೆಗೆ ಹಿಡಿದಿಡೋ ಅಂಟಿನಲ್ಲಿ, ಪಾಕದೊಳಗಿನ ಎಳ್ಳಿನ ಹಾಗೆ, ಸಿಕ್ಕಿಹಾಕಿಕೊಂಡಿರುತ್ತವೆ. ಆದರೆ ಹೊರಗೋಡೆಗೆ ಮಳೆ ಇದೆ, ಬಿಸಿಲಿದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2008ರಲ್ಲಿ ಮನೆಗಳ ಹೊರಗೋಡೆಯಿಂದ ಇಳಿಯೋ ಮಳೆನೀರು ಹಿಡಿದು ನೋಡಿದರು. 20ರಿಂದ 300 ನ್ಯಾನೋಮೀಟರಿನ ಟೈಟಾನಿಯಂ ಕಣಗಳು ಗೋಡೆಯಿಂದ ಚರಂಡಿಗೆ, ಅಲ್ಲಿಂದ ಹೊಳೆಗೆ ಹೋಗ್ತಿದ್ದವು. ಎರಡು ವರ್ಷದ ಮೇಲೆ ಅದೇ ಗುಂಪು, ನ್ಯಾನೋ ಬೆಳ್ಳಿ ಪೇಂಟ್ ಹೊಡೆದ ಒಂದು ಮಾದರಿ ಮನೆಯನ್ನ ವರ್ಷವಿಡೀ ಮಳೆಗೆ ಬಿಟ್ಟು ಏನಾಯ್ತು ಅಂತ ಹೇಳಿತು. ಬೆಳ್ಳಿಯಲ್ಲಿ ನೂರಕ್ಕೆ ಮೂವತ್ತು ಪಾಲಿಗಿಂತ ಹೆಚ್ಚು ಒಂದೇ ವರ್ಷಕ್ಕೆ ತೊಳೆದುಹೋಗಿತ್ತು. ಜಾಸ್ತಿ ಹೋಗಿದ್ದು ಮೊದಮೊದಲ ಮಳೆಗಳಲ್ಲಿ. ಹೋದ ಬೆಳ್ಳಿ ಬಹಳಷ್ಟು ಸಲ್ಫೈಡ್ ಆಗಿ ಬದಲಾಗುತ್ತೆ. ದೇವರಮನೆಯ ಬೆಳ್ಳಿ ದೀಪ ಕಪ್ಪಗಾಗುತ್ತಲ್ಲ, ಅದೇ. ಆ ರೂಪದಲ್ಲಿ ಅದರ ವಿಷ ಬಹಳ ಕಮ್ಮಿ, ಅದು ಸಮಾಧಾನದ ವಿಷಯ. ಹಾಗಂತ ಒಂದೂವರೆ ಪಟ್ಟು ದುಡ್ಡು ಕೊಟ್ಟ ಬೆಳ್ಳೀಲಿ ಮೂರನೇ ಒಂದು ಪಾಲು ವರ್ಷದೊಳಗೆ ರಾಜಕಾಲುವೆ ಸೇರೋದಾದ್ರೆ ನಾನು ಯಾರ ಬ್ಯಾಕ್ಟೀರಿಯಾ ಸಾಯಿಸ್ತಿದೀನಿ? ಕೊಳಚೆನೀರು ಶುದ್ಧ ಮಾಡೋದೂ ಬ್ಯಾಕ್ಟೀರಿಯಾನೇ ಸ್ವಾಮಿ.

ಇನ್ನೊಂದು, ಬೆಂಗಳೂರಿನವರು ಯೋಚಿಸಬೇಕಾದ್ದು. ನಮ್ಮ ಜಲಮಂಡಳಿ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ ಮಾಡಿದೆ. ಹೊಸದಾಗಿ ಕಟ್ಟೋರಿಗೆ 30x40 ಅಡಿ ಸೈಟಿಗೂ ಅನ್ವಯ. ಅದೇ ತಾರಸಿಗೆ ಬೇಸಿಗೇಲಿ ತಂಪಾಗಲಿ ಅಂತ ಬಿಳೀ ಕೋಟಿಂಗ್ ಹೊಡೆಸ್ತೀವಿ. ಜೂನ್‌ನಲ್ಲಿ ಅದರ ಮೇಲೆ ಬಿದ್ದ ನೀರು ಸೀದಾ ಸಂಪಿಗೆ. ಮೊದಲ ಮಳೆಯ ನೀರನ್ನ ಹೊರಗೆ ಬಿಡೋ ವಾಲ್ವ್ ಇರೋದೇ ತಾರಸಿಯ ಕೊಳೆ ಹೋಗಲಿ ಅಂತ. ನಮ್ಮ ಬೀದೀಲಿ ಅದನ್ನ ತಿರುಗಿಸೋರು ಎಷ್ಟು ಜನ ಅಂತ ನನಗೆ ಗೊತ್ತು. ನಾನೂ ಎರಡು ವರ್ಷ ತಿರುಗಿಸಿರಲಿಲ್ಲ.

ಗಾಳಿ ಕ್ಲೀನ್ ಮಾಡೋ ಪೇಂಟಿನ ಕಥೆ ಚಿಕ್ಕದು. ನ್ಯಾನೋ ಟೈಟಾನಿಯಂ ಮೇಲೆ ನೇರಳಾತೀತ ಕಿರಣ ಬಿದ್ದರೆ ಅದು ಹತ್ತಿರದ ಸಾವಯವ ವಸ್ತುವನ್ನ ಒಡೆಯುತ್ತೆ. ಮನೆಯೊಳಗೆ ಆ ಕಿರಣ ಬರೋದೇ ಅಷ್ಟಕ್ಕಷ್ಟೆ. ಬಂದರೂ, ಅದರ ಪಕ್ಕದಲ್ಲೇ ಇರೋ ಸಾವಯವ ವಸ್ತು ಅಂದ್ರೆ ಪೇಂಟಿನ ಬೈಂಡರ್. ಜರ್ಮನಿಯಲ್ಲಿ 2007ರಲ್ಲಿ ಇಂಥ ಒಳಗೋಡೆ ಪೇಂಟನ್ನ ಪರೀಕ್ಷೆ ಮಾಡಿದಾಗ ಬೆಳಕಿನಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ವಿಷಾನಿಲವೇ ಹುಟ್ಟಿತ್ತು. ಕಾಯೋಕೆ ಇಟ್ಟವನೇ ಕಣಜಕ್ಕೆ ಕೈ ಹಾಕಿದ ಹಾಗೆ.

ಈಗ ಶ್ವಾಸಕೋಶದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2006ರಲ್ಲಿ ಟೈಟಾನಿಯಂ ಡೈಆಕ್ಸೈಡನ್ನ ‘ಕ್ಯಾನ್ಸರ್ ತರಬಹುದೇನೋ’ ಅನ್ನೋ 2ಬಿ ಗುಂಪಿಗೆ ಹಾಕಿತು. ಯೂರೋಪಿನವರು 2020ರಲ್ಲಿ ಅದರ ಪುಡಿಯನ್ನ ಉಸಿರಾಡಿದರೆ ಕ್ಯಾನ್ಸರ್ ಅನುಮಾನ ಅಂತ ಪಟ್ಟಿಗೆ ಸೇರಿಸಿದರು, ಕಂಪನಿಗಳು ಕೋರ್ಟಿಗೆ ಹೋದವು, 2022ರಲ್ಲಿ ರದ್ದಾಯ್ತು, 2025ರ ಆಗಸ್ಟಿನಲ್ಲಿ ಮೇಲಿನ ಕೋರ್ಟೂ ರದ್ದು ಸರಿ ಅಂತು. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡೋ ನಿಯೋಷ್ ಸಂಸ್ಥೆ 2011ರಲ್ಲೇ ಮಾಮೂಲಿ ಕಣಕ್ಕೆ ಘನಮೀಟರ್ ಗಾಳಿಗೆ 2.4 ಮಿಲಿಗ್ರಾಂ, ನ್ಯಾನೋ ಕಣಕ್ಕೆ 0.3 ಮಿಲಿಗ್ರಾಂ ಮಿತಿ ಅಂತ ಶಿಫಾರಸು ಮಾಡಿದೆ. ಅದೇ ವಸ್ತು, ಕಣ ಸಣ್ಣದಾದ್ದಕ್ಕೆ ಮಿತಿ ಎಂಟು ಪಟ್ಟು ಬಿಗಿ.

ಇನ್ನೊಂದು ಮಗ್ಗುಲನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅನ್ಯಾಯ. ಡೆನ್ಮಾರ್ಕಿನಲ್ಲಿ ಬರೀ ನ್ಯಾನೋ ಟೈಟಾನಿಯಂ ಪುಡಿಯನ್ನ ಇಲಿಗಳ ಶ್ವಾಸಕೋಶಕ್ಕೆ ಹಾಕಿದಾಗ ಉರಿಯೂತ ಬಂತು. ಅದೇ ಪುಡಿ ಬೆರೆಸಿದ ಪೇಂಟ್ ಒಣಗಿಸಿ, ಉಜ್ಜಿ, ಆ ಧೂಳು ಹಾಕಿದಾಗ ಅಷ್ಟಾಗಲಿಲ್ಲ. ಬೈಂಡರ್ ಬಿಗಿಯಾಗಿ ಹಿಡ್ಕೊಂಡಿತ್ತು. ಚೀನಾದಲ್ಲಿ ಗಾಳಿಯಾಡದ ಕೋಣೆಯೊಂದರಲ್ಲಿ ಪಾಲಿಅಕ್ರಿಲೇಟ್ (ಪ್ಲಾಸ್ಟಿಕ್ ಜಾತಿಯ ಲೇಪ) ಸ್ಪ್ರೇ ಮಾಡ್ತಿದ್ದ ಏಳು ಹೆಂಗಸರು ಕಾಯಿಲೆ ಬಿದ್ದು ಇಬ್ಬರು ತೀರಿಕೊಂಡ ವರದಿ 2009ರಲ್ಲಿ ಬಂದಾಗ ಎಲ್ಲರೂ ನ್ಯಾನೋ ಕಡೆ ಬೊಟ್ಟು ಮಾಡಿದರು. ಅವರ ಶ್ವಾಸಕೋಶದಲ್ಲಿ ನ್ಯಾನೋ ಕಣ ಸಿಕ್ಕಿದ್ದು ಹೌದು. ಆದರೆ ಆ ಕೋಣೇಲಿ ಕಿಟಕಿ ಇಲ್ಲ, ಇದ್ದ ಎಕ್ಸಾಸ್ಟ್ ಕೆಟ್ಟಿತ್ತು. ನ್ಯಾನೋ ಒಂದೇ ಕಾರಣ ಅಂತ ಹೇಳೋಕೆ ಬಹಳ ತಜ್ಞರು ಒಪ್ಪಲಿಲ್ಲ.

ನನ್ನ ಜಗಳ ಇರೋದು ಇಲ್ಲಿ. ಟೈಟಾನಿಯಂ 2ಬಿನೋ ಅಲ್ವೋ ಅಂತ ಇಷ್ಟು ವರ್ಷ ವಾದ ನಡೀತು. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ವಿಭಾಗ ಪೇಂಟರ್ ಕೆಲಸವನ್ನೇ, ಹೌದು, ಆ ಕಸುಬನ್ನೇ, ಕ್ಯಾನ್ಸರ್ ತರುತ್ತೆ ಅಂತ ಮೊದಲನೇ ಗುಂಪಿಗೆ 1989ರಲ್ಲೇ ಹಾಕಿದೆ. ಥಿನ್ನರ್ ಆವಿ, ಉಜ್ಜಿದ ಧೂಳು, ಹಳೇ ಬಣ್ಣದ ಪುಡಿ, ಎಲ್ಲಾ ಸೇರಿ. ಇದನ್ನ ನಮ್ಮ ಮೇಸ್ತ್ರಿಗೆ ಹೇಳಿದೋರು ಯಾರು?

ಕೆಲಸ ಶುರುವಾದ ಎರಡನೇ ದಿನ ಹಾಲ್‌ನ ಗೋಡೆಗೆ ಮೆತ್ತಿದ್ದ ಪುಟ್ಟಿ ಉಜ್ಜುತ್ತಿದ್ದರು. ಬಾಗಿಲು ತೆಗೆದರೆ ಮಂಜು. ಮೇಸ್ತ್ರಿ ಮೂಗಿಗೆ ಟವೆಲ್ ಸುತ್ತಿದ್ದರು, ಜೊತೆಗಿದ್ದ ಹುಡುಗನಿಗೆ ಅದೂ ಇಲ್ಲ. ಅವನ ರೆಪ್ಪೆ, ಹುಬ್ಬು, ಕಿವಿಯೊಳಗಿನ ಕೂದಲು ಎಲ್ಲಾ ಬೆಳ್ಳಗೆ. ಎಂಬತ್ತರ ಮುದುಕನ ಹಾಗೆ ಕಾಣ್ತಿದ್ದ, ಇಪ್ಪತ್ತು ತುಂಬಿರಲಿಲ್ಲ. ಆಮೇಲೆ ಕಿಟಕಿ ಸರಳಿನ ಹಳೇ ಎನಾಮೆಲ್ ಕೆರೆಯೋಕೆ ಹೊರಟರು. ಅದು 1994ರ ಕೆಲಸ, ಸೀಸ ಇದ್ದರೂ ಇರಬಹುದು. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಸೀಸದ ವಿಷದ ಬಗ್ಗೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಕೂಗಿದ್ದರು. ಕೆರೆಯೋದು ನಿಲ್ಲಿಸಿ, ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜಿ ಅಂದೆ. "ಹಂಗೆ ಮಾಡಿದ್ರೆ ಎರಡು ದಿನದ ಕೆಲ್ಸ ಮೂರು ದಿನ ಆಗುತ್ತೆ ಸಾರ್, ಆ ಕೂಲಿ ಯಾರು ಕೊಡ್ತಾರೆ?" ಅಂದರು. ನಾನೇ ಕೊಡಬೇಕು, ಕೊಟ್ಟೆ.

(‘ಹಳೇ ಕಾಲದ ಸುಣ್ಣಾನೇ ವಾಸಿ’ ಅಂತ ಕಾಮೆಂಟ್ ಹಾಕೋರಿಗೆ: ನಮ್ಮಜ್ಜಿ ಮನೇಲಿ ಸುಣ್ಣ ಅರಳಿಸುವಾಗ ನನ್ನ ಮಾವನ ಕಣ್ಣಿಗೆ ಹಾರಿತ್ತು. ಕೇಳಿ ನೋಡಿ.)

ಸೀಸಕ್ಕೆ ನಿಯಮ ಬಂದಮೇಲೆ ಡಬ್ಬದ ಮೇಲೆ ಸೀಸದ ಮಾತು ಬಂತು. ಯೂರೋಪಿನಲ್ಲಿ 2012ರ ಕಾನೂನಿನ ಪ್ರಕಾರ ಕ್ರಿಮಿ ಕೊಲ್ಲುತ್ತೆ ಅಂತ ಹೇಳ್ಕೊಂಡು ಮಾರೋ ವಸ್ತುವಿನಲ್ಲಿ ನ್ಯಾನೋ ಇದ್ದರೆ ಲೇಬಲ್ಲಿನಲ್ಲಿ ಆ ನ್ಯಾನೋ ಪದಾರ್ಥದ ಹೆಸರು ಬರೆದು, ಅದರ ನಂತರ ಕಂಸದಲ್ಲಿ ನ್ಯಾನೋ ಅಂತ ಬರೀಬೇಕು. ಫ್ರಾನ್ಸಿನಲ್ಲಿ 2013ರಿಂದ ನ್ಯಾನೋ ವಸ್ತು ತಯಾರಿಸೋರು, ತರಿಸೋರು ವರ್ಷ ವರ್ಷ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ನಮ್ಮದು 2007ರಿಂದ ನ್ಯಾನೋ ಸಮಾವೇಶ ನಡೆಸಿಕೊಂಡು ಬಂದ ಊರು, ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಊರು. ಮಾರೋಕೆ ಆ ಪದ ಬೇಕಾದ್ರೆ, ಎಚ್ಚರಿಕೆಗೂ ಅದೇ ಪದ ಬರಲಿ, ಅಷ್ಟೇ ನಾನು ಕೇಳ್ತಿರೋದು. ಜೊತೆಗೆ ಕನ್ನಡದಲ್ಲಿ ಎರಡು ಸಾಲು: ಸ್ಪ್ರೇ ಮಾಡುವಾಗ, ಉಜ್ಜುವಾಗ ಮಾಸ್ಕ್ ಹಾಕಿ. ಬ್ರಷ್ ತೊಳೆದ ನೀರು ಮೋರಿಗೆ ಚೆಲ್ಲಬೇಡಿ.

ನಾನು ಕೊನೆಗೆ ತಗೊಂಡಿದ್ದು ಮಾಮೂಲಿ ಎಮಲ್ಷನ್. ಉಳಿದ ದುಡ್ಡಿನಲ್ಲಿ ಎನ್95 ಮಾಸ್ಕ್ ತಂದೆ. ಅದು ಧೂಳಿಗೆ ಮಾತ್ರ, ಥಿನ್ನರ್ ವಾಸನೆಗೆ ಆಗಲ್ಲ ಅಂತಲೂ ಹೇಳಿದೆ. ಮೇಸ್ತ್ರಿ ಮೊದಲು, "ಇದೆಲ್ಲಾ ಕೊರೋನಾ ಟೈಮಲ್ಲೇ ಮುಗೀತಲ್ಲ ಸಾರ್" ಅಂತ ನಕ್ಕರು, ಆಮೇಲೆ ಹಾಕ್ಕೊಂಡರು. ಹುಡುಗನಿಗೆ ಕೊಟ್ಟಿದ್ದನ್ನ ಅವನು ಗಲ್ಲದ ಕೆಳಗೆ ಇಳಿಸಿಕೊಂಡೇ ಇದ್ದ. ಹನ್ನೊಂದು ಗಂಟೆ ಟೀಗೆ ಮೇಸ್ತ್ರಿ ಮಾಸ್ಕ್ ತೆಗೆದರು. ಮುಖ ಪೂರ್ತಿ ಬೆಳ್ಳಗೆ, ಮೂಗು ಬಾಯಿ ಇರೋ ಜಾಗ ಮಾತ್ರ ಅವರ ಸ್ವಂತ ಬಣ್ಣ. ಗೋಡೆಗೆ ಒರಗಿಸಿಟ್ಟಿದ್ದ ಕನ್ನಡೀಲಿ ಅದನ್ನ ಒಂದು ನಿಮಿಷ ನೋಡ್ಕೊಂಡರು. ಮಾಸ್ಕಿನ ಹೊರಮೈ ಮೇಲೆ ಬೆರಳಿಟ್ಟು ಎಳೆದು, ಬೆರಳಿಗೆ ಹತ್ತಿದ ಪುಡಿ ನೋಡಿದರು. ಆಮೇಲೆ ಹುಡುಗನ ಕಡೆ ತಿರುಗಿ, "ಲೋ, ಮೇಲಕ್ಕೆ ಎಳ್ಕೊಳ್ಳೋ ಅದನ್ನ" ಅಂದರು.