ನೇಗಿಲು ಮುಟ್ಟದ ಸ್ಮಶಾನ

ಅಮೆರಿಕದ ಅಯೋವಾ ರಾಜ್ಯದ ಸೀಡರ್ ಕೌಂಟಿಯಲ್ಲಿ, ಸೀಡರ್ ನದಿಯ ಸಮೀಪ, ರೋಚೆಸ್ಟರ್ ಎಂಬ ಹಳ್ಳಿಯ ಸ್ಮಶಾನವಿದೆ. ಬೇಸಿಗೆಯಲ್ಲಿ ಹುಲ್ಲು ಗೋರಿಕಲ್ಲುಗಳನ್ನು ಮುಚ್ಚುವಷ್ಟು ಬೆಳೆಯುವುದರಿಂದ, ಸುಮಾರು 13 ಎಕರೆಯ ಈ ಜಾಗ ಹೊಸಬರಿಗೆ ಪಾಳು ಬಿದ್ದಂತೆ ಕಾಣುತ್ತದೆ. ಅದನ್ನು ಹಾಗೆಯೇ ಬೆಳೆಯಲು ಬಿಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

1832ರಲ್ಲಿ ಅಮೆರಿಕದ ಸೇನೆಯೊಂದಿಗಿನ ಯುದ್ಧದಲ್ಲಿ ಸೋತ ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನರಿಂದ ಮಿಸಿಸಿಪ್ಪಿ ನದಿಯ ಪಶ್ಚಿಮದ ನೆಲವನ್ನು ಒಪ್ಪಂದದ ಹೆಸರಿನಲ್ಲಿ ಕಿತ್ತುಕೊಂಡು, ಮರುವರ್ಷ ಅದನ್ನು ವಲಸಿಗರಿಗೆ ತೆರೆಯಲಾಯಿತು. ಮೊದಲು ಬಂದು ನೆಲೆಸಿದವರ ಕಷ್ಟವನ್ನು ಕೊಂಡಾಡುವಾಗ, ಅವರಿಗಿಂತ ಮೊದಲೇ ಅಲ್ಲಿ ಬಾಳಿದವರನ್ನು ಮರೆಯುವುದು ಅನ್ಯಾಯ. ಆ ಬಯಲಿನ ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. ನೆರೆಯ ಇಲಿನಾಯ್‌ನಲ್ಲಿ ಜಾನ್ ಡೀರ್ 1837ರಲ್ಲಿ ನಯವಾದ ಉಕ್ಕಿನ ನೇಗಿಲನ್ನು ತಯಾರಿಸಿದ ಮೇಲೆ ಆ ತೊಡಕು ನೀಗಿತು. ಮುಂದಿನ ಕೆಲವೇ ದಶಕಗಳಲ್ಲಿ ಹುಲ್ಲುಗಾವಲು ಹೊಲವಾಯಿತು. ಅಯೋವಾದ ಮೂಲ ಹುಲ್ಲುಗಾವಲಿನಲ್ಲಿ ಶೇ. 99ಕ್ಕಿಂತ ಹೆಚ್ಚು ಭಾಗ ಇಂದು ಇಲ್ಲ. ಹೆಣ ಹೂಳಿದ ನೆಲವನ್ನು ಯಾರೂ ಉಳಲಿಲ್ಲ ಎಂಬ ಒಂದೇ ಕಾರಣಕ್ಕೆ ರೋಚೆಸ್ಟರ್‌ನಲ್ಲಿ ಅದರ ತುಣುಕೊಂದು ನೂರಾರು ಜಾತಿಯ ಗಿಡಗಳೊಂದಿಗೆ ಉಳಿದಿದೆ. ಮೇ ತಿಂಗಳಲ್ಲಿ ಓಕ್ ಮರಗಳ ಕೆಳಗೆ ಶೂಟಿಂಗ್ ಸ್ಟಾರ್ ಹೂಗಳು ಅರಳುತ್ತವೆ: ತೆಳ್ಳನೆಯ ದಂಟಿನ ತುದಿಯಲ್ಲಿ ತಲೆ ತಗ್ಗಿಸಿದ ಹೂ, ಹಿಂದಕ್ಕೆ ಮಡಚಿದ ಬಿಳಿ ಅಥವಾ ನಸುಗೆಂಪು ಎಸಳುಗಳು, ಕೆಳಕ್ಕೆ ಚಾಚಿದ ಚೂಪು ಮೂತಿ.

ಇಲ್ಲಿ ಇಂದಿಗೂ ಶವಸಂಸ್ಕಾರ ನಡೆಯುತ್ತದೆ. ತಮ್ಮವರ ಸಮಾಧಿ ಕಳೆಯಲ್ಲಿ ಮುಚ್ಚಿಹೋಗಿದೆ, ಹುಲ್ಲು ಕತ್ತರಿಸಿ ಓರಣವಾಗಿಡಿ ಎಂದು ಕೆಲವು ಕುಟುಂಬದವರು ಕೇಳಿದ್ದಾರೆ. ಆ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಓರಣವೇ ಹಿರಿಯರಿಗೆ ಸಲ್ಲಿಸುವ ಗೌರವ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸ್ಮಶಾನವನ್ನು ಹಸಿರು ಹಾಸಿನಂತೆ ನುಣುಪಾಗಿಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು 1855ರಿಂದೀಚೆಗೆ, ಸಿನ್ಸಿನಾಟಿಯ ಸ್ಪ್ರಿಂಗ್ ಗ್ರೋವ್ ಸ್ಮಶಾನವನ್ನು ಉದ್ಯಾನ ವಿನ್ಯಾಸಕ ಅಡಾಲ್ಫ್ ಸ್ಟ್ರಾಖ್ ಹಾಗೆ ರೂಪಿಸಿದ ನಂತರ. ರೋಚೆಸ್ಟರ್‌ನ ಮೊದಲ ತಲೆಮಾರಿನವರು ತಮ್ಮ ಮಕ್ಕಳನ್ನು ಮಣ್ಣು ಮಾಡಿದ್ದು ಇದೇ ಒರಟು ಹುಲ್ಲಿನ ನಡುವೆ. ಮೇಲಾಗಿ, ಹುಲ್ಲು ಕತ್ತರಿಸುವ ಯಂತ್ರ ತಗುಲಿದರೆ ಹಳೆಯ ಅಮೃತಶಿಲೆಯ ಗೋರಿಕಲ್ಲಿನ ಅಂಚು ಒಡೆಯುತ್ತದೆ. ಬೀಜ ಕಟ್ಟುವ ಮೊದಲೇ ಗಿಡ ಕತ್ತರಿಸುತ್ತ ಹೋದರೆ ಕೆಲವು ವರ್ಷಗಳಲ್ಲಿ ಅದರ ಸಂತತಿಯೇ ಅಳಿಯುತ್ತದೆ. ಹೊಸ ಸಮಾಧಿಗಳ ಸುತ್ತ ಮತ್ತು ಕಾಲುದಾರಿಗಳಲ್ಲಿ ಬೇಕಾದಾಗ ಕತ್ತರಿಸಲಿ, ಉಳಿದೆಡೆ ಬೀಜ ಉದುರುವವರೆಗೆ ಕಾಯಲಿ.