ಐವತ್ತು ತುಂಬುವವರೆಗೆ ಗುಜರಿ

ಹಳೇ ಕಾರುಗಳ ಕ್ಲಬ್ಬಿನವರು ಒಂದು ಭಾನುವಾರ ಇಪ್ಪತ್ತು ಕಾರು ಸಾಲು ಮಾಡಿಕೊಂಡು ಬೆಂಗಳೂರಿಂದ ಮೈಸೂರಿಗೆ ಹೋಗಿಬರಬೇಕು ಅಂದರೆ ಮೊದಲು ನೋಡಬೇಕಾದ್ದು ಎಂಜಿನ್ ಆಯಿಲ್ ಅಲ್ಲ, ಬ್ರೇಕೂ ಅಲ್ಲ. ಕಾರಿನ ಜಾತಕ. ಯಾವ ಇಸವಿಯಲ್ಲಿ ಹುಟ್ಟಿತು ಅನ್ನುವುದರ ಮೇಲೆ ಅದು ಪರಂಪರೆಯೋ ಗುಜರಿಯೋ ಅನ್ನುವುದು ತೀರ್ಮಾನವಾಗುತ್ತದೆ.

2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನ ಅಂದರೆ ಏನು ಅಂತ ನಿಯಮ ಬರೆಯಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಸಂತೋಷ. ಅದೇ ವರ್ಷ ಹಳೇ ಗಾಡಿಗಳನ್ನು ಗುಜರಿಗೆ ಹಾಕಿಸುವ ನೀತಿಯನ್ನೂ ತಂದಿತು. ಅಂದರೆ ಒಂದೇ ಇಲಾಖೆ ಎಡಗೈಯಲ್ಲಿ ಹಾರ ಹಿಡಿದುಕೊಂಡು ನಿಂತಿದೆ, ಬಲಗೈಯಲ್ಲಿ ಸುತ್ತಿಗೆ. ಕಾರು ಹದಿನೈದು ವರ್ಷ ಮರ್ಯಾದೆಯಿಂದ ಬದುಕಬಹುದು. ಆಮೇಲೆ ಮೂವತ್ತೈದು ವರ್ಷ ಅಜ್ಞಾತವಾಸ. ಅದನ್ನೂ ದಾಟಿ ಉಸಿರು ಹಿಡಿದುಕೊಂಡಿದ್ದರೆ ಕರೆದು ಶಾಲು ಹೊದಿಸುತ್ತಾರೆ. ಪಾಂಡವರಿಗೆ ಬರೀ ಒಂದು ವರ್ಷ ಇತ್ತು, ಪಾಪ, ಅದಕ್ಕೇ ಅಷ್ಟು ದೊಡ್ಡ ಕತೆ.

ದುಡ್ಡಿನ ಲೆಕ್ಕ ಇನ್ನೂ ಚೆನ್ನಾಗಿದೆ. ಹದಿನೈದು ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಇದು ಐದು ವರ್ಷಕ್ಕೆ. ಹಸಿರು ತೆರಿಗೆ ಬೇರೆ. ವಿಂಟೇಜ್ ಅಂತ ಹೊಸದಾಗಿ ನೋಂದಣಿ ಮಾಡಿಸಿದರೆ 20,000, ಅದು ಹತ್ತು ವರ್ಷಕ್ಕೆ. ಭಾಗಿಸಿ ನೋಡಿ, ಇಪ್ಪತ್ತು ದಾಟಿದ್ದಕ್ಕೂ ವಿಂಟೇಜಿಗೂ ವರ್ಷಕ್ಕೆ ಅಷ್ಟೇ. ವ್ಯತ್ಯಾಸ ಒಂದೇ: ಗುಜರಿಯನ್ನು ದಿನಾ ಓಡಿಸಬಹುದು, ಪರಂಪರೆಯನ್ನು ಓಡಿಸುವ ಹಾಗಿಲ್ಲ.

ಹೌದು, ಓಡಿಸುವ ಹಾಗಿಲ್ಲ. ವಿಂಟೇಜ್ ಅಂತ ನೋಂದಣಿಯಾದ ಗಾಡಿ ಮಾಮೂಲಿ ಓಡಾಟಕ್ಕೆ ರಸ್ತೆಗೆ ಇಳಿಯಬಾರದು. ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲಿಕ್ಕೆ, ರಿಪೇರಿಗೆ ಹೋಗಬಹುದು. ಹಾಲು ತರಲಿಕ್ಕೆ ಹೋಗಬಾರದು. ಹಾಗಾಗಿ ಕ್ಲಬ್ಬಿನ ಕಾರ್ಯದರ್ಶಿ ರೂಟ್ ಪುಸ್ತಕ ಬರೆಯುವಾಗ ಬಿಡದಿಯ ತಟ್ಟೆ ಇಡ್ಲಿಯನ್ನು ‘ಪ್ರದರ್ಶನ ನಿಲುಗಡೆ’ ಅಂತಲೂ, ಮದ್ದೂರು ವಡೆಯನ್ನು ‘ತಾಂತ್ರಿಕ ಪರಿಶೀಲನೆ’ ಅಂತಲೂ ನಮೂದಿಸುತ್ತಾರೆ. ಚನ್ನಪಟ್ಟಣದಲ್ಲಿ ಮನೆಯವರು ಬೊಂಬೆ ತಗೊಳ್ಳಬೇಕು ಅಂದರೆ ಅದು ಸಂಶೋಧನೆ. ಅವರು ಹಟ ಹಿಡಿದರೆ ರಿಪೇರಿ.

ದೆಹಲಿಯವರ ಮುಂದೆ ನಾವು ಬಚಾವ್ ಬಿಡಿ. ದೇಶದ ಹಳೆಯ ವಿಂಟೇಜ್ ರ‍್ಯಾಲಿಗಳಲ್ಲಿ ಒಂದು ನಡೆಯುವುದು ಅಲ್ಲೇ, 1964ರಿಂದ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಓಡಬಾರದು ಅಂತ ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ಪೀಠ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿದ್ದು ಕೂಡ ಅಲ್ಲೇ. 2025ರ ಜುಲೈ ಒಂದರಿಂದ ಬಂಕಿನಲ್ಲಿ ಕ್ಯಾಮೆರಾ ಇಟ್ಟು, ನಂಬರ್ ಪ್ಲೇಟ್ ಓದಿ, ವಯಸ್ಸಾದ ಗಾಡಿಗೆ ಪೆಟ್ರೋಲ್ ಇಲ್ಲ ಅಂದರು. ಜನ ಕೂಗಾಡಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಹದಿನೈದಕ್ಕೇ ಸಾಯಬೇಕು ಅಂದ ಊರಿನಲ್ಲಿ ಐವತ್ತರ ಸಂಭ್ರಮಕ್ಕೆ ಕಾರುಗಳು ಎಲ್ಲಿಂದ ಬರುತ್ತವೆ ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಮೊದಲ ಮಾರುತಿ 800 ಬೀದಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದು ಪರಂಪರೆಯಾಗಲು 2033 ಮುಗಿಯಬೇಕು. ಅಲ್ಲಿಯವರೆಗೆ ಅದು ಮಾಲಿನ್ಯ.

ಸರಿ, ಜಾತಕ ಕೂಡಿಬಂತು ಅನ್ನಿ. ಈಗ ಕಾಗದ. ‘ಎಂವೈ’ ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರನ್ನು ಹಾಗೇ ಉಳಿಸಿಕೊಳ್ಳಬಹುದು ಅಂತ ನಿಯಮವೇ ಹೇಳುತ್ತದೆ. ಆರ್‌ಟಿಒ ಕಂಪ್ಯೂಟರ್ ಅದನ್ನು ಓದಿಲ್ಲ. ‘ಸಾರ್, ಈ ಥರ ನಂಬರೇ ಇಲ್ಲ, ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ, ಅಂದ್ರೆ ಹಳೇ ದಾಖಲೆ ಕಂಪ್ಯೂಟರಿಗೆ ಸೇರಿಸಿ’ ಅನ್ನುತ್ತಾರೆ. ಕಾರು ಹೊರಗೆ ನಿಂತಿದೆ, ನಂಬರ್ ಅದರ ಮೂತಿಯ ಮೇಲೇ ಇದೆ, ಆದರೂ ಇಲ್ಲ. ಐವತ್ತು ತುಂಬದ ಪ್ರೀಮಿಯರ್ ಪದ್ಮಿನಿ ಕಾರಿನವರದು ಇನ್ನೊಂದು ಗೋಳು. ಅವರು ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಬೇಕು. ಮೊದಲ ಕೊನೇ ದಿನಾಂಕ 2023ರ ನವೆಂಬರ್ 17 ಇತ್ತು. ಮೊದಲ ಕೊನೇ ದಿನಾಂಕ ಅಂತ ಬರೆದದ್ದು ಬೇಕಂತಲೇ, ಆಮೇಲೆ ಕೊನೇ ದಿನಾಂಕಗಳು ಬಹಳ ಬಂದವು. ಪದ್ಮಿನಿ ಹೊಸದಾಗಿ ತಯಾರಾಗುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಪ್ಲೇಟ್ ಬುಕ್ ಮಾಡುವಾಗ ನಿಮ್ಮ ಹತ್ತಿರದ ಡೀಲರನ್ನು ಆರಿಸಿ ಅಂದರೆ ಯಾರನ್ನು ಆರಿಸಬೇಕು, ಅವರ ಫೋಟೋಗೆ ಹಾರ ಹಾಕಿದ್ದಾರೆ.

ಇಷ್ಟೆಲ್ಲ ಮುಗಿದ ಮೇಲೆ ಅಸಲಿ ಕೆಲಸ, ಅಂದರೆ ಚಾಲನೆ ಕೊಡುವ ಸಮಾರಂಭ. ಡ್ರೈವ್ ಆಯೋಜನೆಯ ಮುಕ್ಕಾಲು ಪಾಲು ಇದೇ. ಬೆಳಿಗ್ಗೆ ಆರೂವರೆಗೆ ಹೊರಟರೆ ಬಿಸಿಲೇರುವುದರೊಳಗೆ ಶ್ರೀರಂಗಪಟ್ಟಣ ಮುಟ್ಟಬಹುದು ಅಂತ ಕಾರು ಗೊತ್ತಿರುವವರು ಹೇಳುತ್ತಾರೆ. ಅವರ ಮಾತು ನಡೆಯುವುದಿಲ್ಲ. ಸಾಹೇಬರು ಬರಬೇಕು. ಸಾಹೇಬರು ಎಂಟಕ್ಕೆ ಅಂದಿದ್ದಾರೆ, ಒಂಬತ್ತೂಮುಕ್ಕಾಲಿಗೆ ಬರುತ್ತಾರೆ, ಅಷ್ಟು ಹೊತ್ತೂ ‘ಇನ್ನು ಐದು ನಿಮಿಷ’. ವಿಧಾನಸೌಧದ ಮುಂದೆ ಇಪ್ಪತ್ತು ಬಾನೆಟ್ ತೆರೆದುಕೊಂಡು ಕೂತಿರುತ್ತವೆ. ಸಾಹೇಬರ ಕಾರು ಕಂಡ ಕೂಡಲೇ ಎಲ್ಲರೂ ಸ್ಟಾರ್ಟ್ ಮಾಡಬೇಕು, ಯಾಕೆಂದರೆ ವಿಡಿಯೋದಲ್ಲಿ ಸದ್ದು ಬೇಕು. ಆಮೇಲೆ ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ವಾಗತ ಭಾಷಣ. ಅಷ್ಟೊತ್ತಿಗೆ ಎರಡು ರೇಡಿಯೇಟರ್ ಕುದಿಯುತ್ತಿರುತ್ತವೆ. ಸಾಹೇಬರು ಹೊಗೆಯ ನಡುವೆ ನಿಂತು ಪರಿಸರ ಉಳಿಸಿ ಅಂತ ಮಾತಾಡುತ್ತಾರೆ. ನಮ್ಮ ತಾತನ ಹತ್ತಿರವೂ ಇಂಥದ್ದೇ ಕಾರಿತ್ತು ಅನ್ನುತ್ತಾರೆ. ನಾನು ನೋಡಿದ ಹಾಗೆ ಚಾಲನೆ ಕೊಡುವವರೆಲ್ಲರ ತಾತನ ಹತ್ತಿರವೂ ಕಾರಿತ್ತು. ಹಾಗಾದರೆ ಆ ಕಾಲದಲ್ಲಿ ಎತ್ತಿನಗಾಡಿ ಹೊಡೆದವರು ಯಾರು?

ಕೊನೆಗೆ ಬಾವುಟ. ಕಪ್ಪು ಬಿಳುಪು ಚೌಕಳಿ ಬಾವುಟವನ್ನೇ ಬೀಸುತ್ತಾರೆ. ಮೋಟಾರು ರೇಸಿನಲ್ಲಿ ಅದನ್ನು ಬೀಸುವುದು ಓಟ ಮುಗಿದಾಗ. ಯೋಚನೆ ಮಾಡಿದರೆ ಅದೂ ಸರಿಯೇ ಅನ್ನಿಸುತ್ತದೆ. ಬಂದಿದ್ದ ಕ್ಯಾಮೆರಾಗಳಿಗೂ ಸಾಹೇಬರಿಗೂ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು.

ಸಾಲು ಹೊರಟಿತು. ಕಾಗದದಲ್ಲಿ ಎಲ್ಲ ಇದೆ. ಮುಂದೆ ದಾರಿ ತೋರಿಸುವ ಕಾರು, ಮಧ್ಯದಲ್ಲಿ ಮಾರ್ಷಲ್‌ಗಳು, ಕೊನೆಯಲ್ಲಿ ಶಿವಾಜಿನಗರದ ಮೆಕ್ಯಾನಿಕ್ ಭಾಯ್ ಕೂತ ಜೀಪು, ಅದರ ಹಿಂದೆ ಕೆಟ್ಟು ನಿಂತವರನ್ನು ಹೊತ್ತುಕೊಂಡು ಬರುವ ಲಾರಿ. ಸೂಚನೆ ಏನಂದರೆ, ಕನ್ನಡಿಯಲ್ಲಿ ನಿಮ್ಮ ಹಿಂದಿನ ಕಾರು ಕಾಣಿಸದಿದ್ದರೆ ನಿಧಾನ ಮಾಡಿ. ಒಳ್ಳೆಯ ನಿಯಮ. ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ನಡೆಯುತ್ತದೇನೋ. ಮೈಸೂರು ರಸ್ತೆಯ ಮೊದಲ ಸಿಗ್ನಲ್ಲಿಗೇ ಸಾಲು ಮೂರು ತುಂಡಾಗಿ, ಆಸ್ಟಿನ್‌ಗೂ ಮಾರಿಸ್‌ಗೂ ನಡುವೆ ಒಂದು ನೀರಿನ ಟ್ಯಾಂಕರ್, ಎರಡು ಆಟೋ, ಮದುವೆಗೆ ಹೊರಟ ಒಂದು ಟೆಂಪೋ ಟ್ರಾವೆಲರ್ ಸೇರಿಕೊಂಡು, ಹಿಂದೆ ಬರುವವರು ಕೆಂಗೇರಿಯವರೆಗೂ ಆ ಟೆಂಪೋವನ್ನೇ ಹಿಂಬಾಲಿಸುತ್ತಾರೆ. ಕನ್ನಡಿಯಲ್ಲಿ ಹಿಂದಿನವರು ಕಾಣಲಿಲ್ಲ ಅಂತ ಒಬ್ಬರು ನಿಧಾನ ಮಾಡಿದರೆ ಹಿಂದಿನ ಬಸ್ಸು ಹಾರ್ನ್ ಮೇಲಿಂದ ಕೈಯೇ ತೆಗೆಯುವುದಿಲ್ಲ.

ಮಾರಿಸ್‌ಗೆ ಮಿಣುಕುವ ಇಂಡಿಕೇಟರ್ ಇಲ್ಲ, ಬಾಗಿಲ ಪಕ್ಕದಿಂದ ಒಂದು ಪುಟ್ಟ ಕಡ್ಡಿ ಎದ್ದು ನಿಲ್ಲುತ್ತದೆ. ಪಕ್ಕದ ಸ್ಕೂಟರಿನವರು ‘ಸಾರ್, ಏನೋ ಕಿತ್ಕೊಂಡಿದೆ ನೋಡಿ’ ಅಂತ ಕಾಳಜಿಯಿಂದ ಅದನ್ನು ಒಳಗೆ ತಳ್ಳಿ ಹೋಗುತ್ತಾರೆ. ಕೈ ಹೊರಗೆ ಚಾಚಿ ಸನ್ನೆ ಮಾಡಿದರೆ ‘ಏನ್ ಸಾರ್, ಅಡ್ರೆಸ್ ಬೇಕಾ?’ ಸಿಗ್ನಲ್ಲಿನಲ್ಲಿ ನಿಂತರೆ ಎರಡೇ ಪ್ರಶ್ನೆ. ಮೈಲೇಜ್ ಎಷ್ಟು ಕೊಡುತ್ತೆ? ಕೊಡೋದಾದ್ರೆ ಎಷ್ಟಕ್ಕೆ ಕೊಡ್ತೀರಾ?

ಊರು ದಾಟಿದರೆ ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ರಸ್ತೆ. ಅದೇ ವಾರದ ಮಳೆಗೆ ರಾಮನಗರದ ಹತ್ತಿರ ನೀರು ನಿಂತದ್ದು ಬಿಡಿ, ಹಳೇ ವಿಷಯ. ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಹಾಗಾಗಿ ಮೇಲೆ ಹೇಳಿದ ಸಂಶೋಧನೆ, ಪ್ರದರ್ಶನ ಎಲ್ಲಕ್ಕೂ ಕೆಳಗೆ ಇಳಿಯಬೇಕು. ಇಳಿದರೆ ಒಳ್ಳೆಯದೇ, ನನ್ನ ಕೇಳಿದರೆ ಹಳೇ ಕಾರಿಗೆ ಹಳೇ ರಸ್ತೆಯೇ ವಾಸಿ. ಆದರೆ ಡ್ರೋನ್ ಶಾಟ್ ಮೇಲಿನ ರಸ್ತೆಯಲ್ಲಿ ಬೇಕಂತೆ.

ಇಲ್ಲೇ ನನಗೆ ತುಂಬ ಇಷ್ಟವಾದ ತಮಾಷೆ ಇರುವುದು. ಕ್ಲಬ್ಬಿನಲ್ಲಿ ಒಂದಷ್ಟು ಜಾವಾ ಬೈಕುಗಳೂ ಇರುತ್ತವೆ. ಜಾವಾ ನಮ್ಮ ಮೈಸೂರಿನ ಕೂಸು. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಅಲ್ಲೇ ಇತ್ತು. 2023ರ ಆಗಸ್ಟ್ ಒಂದರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವ ಹಾಗಿಲ್ಲ. ಕಾರಣ, ವೇಗವಾಗಿ ಹೋಗುವ ಗಾಡಿಗಳ ನಡುವೆ ನಿಧಾನದ ಗಾಡಿ ಅಪಾಯ. ಸರಿಯಾದ ಮಾತೇ. ಆದ್ದರಿಂದ ಎಂಬತ್ತರಲ್ಲಿ ಆರಾಮಾಗಿ ಹೋಗುವ ಜಾವಾ ತನ್ನ ತವರಿಗೆ ಸರ್ವಿಸ್ ರಸ್ತೆಯಲ್ಲಿ ಹಂಪ್ ಎಣಿಸುತ್ತಾ ಹೋಗುತ್ತದೆ, ನಲವತ್ತು ದಾಟಿದರೆ ನಡುಗುವ 1930ರ ದಶಕದ ಆಸ್ಟಿನ್ ಸೆವೆನ್ ನೂರರ ವೇಗದ ರಸ್ತೆಯ ನಡುವೆ ರಾಜಗಾಂಭೀರ್ಯದಿಂದ ತೆವಳುತ್ತದೆ. ಅದಕ್ಕೆ ನಾಲ್ಕು ಚಕ್ರ ಇವೆಯಲ್ಲ!

ಟೋಲಿನಲ್ಲಿ ಫಾಸ್ಟ್ಯಾಗ್ ಅನ್ನು ಮುಂದಿನ ಗಾಜಿಗೆ ಅಂಟಿಸಬೇಕು. ಜೀಪಿನವರು ಗಾಜನ್ನು ಬಾನೆಟ್ ಮೇಲೆ ಮಡಚಿ ಮಲಗಿಸಿದ್ದಾರೆ, ಟ್ಯಾಗು ಆಕಾಶ ನೋಡುತ್ತಿದೆ. ಮೇಲೆ ಹದ್ದಿಗೇನಾದರೂ ಸ್ಕ್ಯಾನರ್ ಇದ್ದರೆ ದುಡ್ಡು ಕಟ್ ಆಗುತ್ತಿತ್ತು. ಟ್ಯಾಗ್ ಓದಲಿಲ್ಲ ಅಂದರೆ ಜಾಸ್ತಿ ದುಡ್ಡು ಕೊಡಿ ಅನ್ನುತ್ತಾರೆ. ಮುಂದೆ ಕ್ಯಾಮೆರಾಗಳು. ಸೀಟ್ ಬೆಲ್ಟ್ ಹುಟ್ಟುವ ಮೊದಲು ಹುಟ್ಟಿದ ಕಾರಿನ ಚಾಲಕರಿಗೆ ಸೀಟ್ ಬೆಲ್ಟ್ ಇಲ್ಲ ಅಂತ ಮೊಬೈಲಿಗೆ ದಂಡ ಬಂದು ಬೀಳುತ್ತದೆ. ಗಾಬರಿ ಬೇಡ, ಕಟ್ಟದೆ ಕಾಯಿರಿ. 2023ರಲ್ಲೂ 2025ರಲ್ಲೂ ಟ್ರಾಫಿಕ್ ದಂಡಕ್ಕೆ ಆಷಾಢದ ಸೀರೆ ಸೇಲಿನ ಹಾಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿದ್ದರು. ತಕ್ಷಣ ಕಟ್ಟಿದವರು ಪೆಚ್ಚಾದರು.

ಮಂಡ್ಯ ಬರುವ ಹೊತ್ತಿಗೆ ಒಂದೊಂದೇ ಕಾರು ಕೆಮ್ಮಲು ಶುರು. ಭಾಯ್ ಇಳಿದು ಮೂಸಿ ನೋಡಿ ‘ಪೆಟ್ರೋಲ್ ಅಲ್ಲ ಸಾಬ್, ಕಬ್ಬಿನ ಹಾಲು’ ಅನ್ನುತ್ತಾರೆ. ಈಗ ಬಂಕಿನಲ್ಲಿ ಸಿಗುವುದು ಐದನೇ ಒಂದು ಪಾಲು ಎಥೆನಾಲ್ ಬೆರೆಸಿದ ಇ20. ಹಳೇ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳಿಗೆ ಅದು ಆಗಿಬರುವುದಿಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಜೊತೆಗೆ ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳ ಸೇರಿ ತುಕ್ಕು. ಕಾನೂನು ಹೇಳುತ್ತದೆ, ದಿನಾ ಓಡಿಸಬೇಡಿ. ಪೆಟ್ರೋಲ್ ಹೇಳುತ್ತದೆ, ಸುಮ್ನೆ ನಿಲ್ಲಿಸಬೇಡಿ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರಿನಲ್ಲಿ, ರಸ್ತೆಯ ಎರಡೂ ಕಡೆ ಕಬ್ಬಿನ ಗದ್ದೆ ನಡುವೆ, ಅದೇ ಕಬ್ಬಿನಿಂದ ಕಾರ್ಬುರೇಟರ್ ಕಟ್ಟಿಕೊಂಡು ನಿಂತ ಅಂಬಾಸಿಡರಿನ ಪಕ್ಕ ಯಜಮಾನರು ಕಬ್ಬಿನ ಹಾಲು ಕುಡಿಯುತ್ತಿರುತ್ತಾರೆ. ಆ ಕ್ಷಣಕ್ಕೆ ಬೇರೆ ಏನು ತಾನೇ ಮಾಡಲು ಸಾಧ್ಯ?

ಸಂಜೆ ಮೈಸೂರಿನಲ್ಲಿ ಬಹುಮಾನ. ಇಲ್ಲೂ ವೇದಿಕೆ, ಇಲ್ಲೂ ಬೇರೆ ಸಾಹೇಬರು, ಇವರ ತಾತನ ಹತ್ತಿರ ಎರಡು ಕಾರಿದ್ದವಂತೆ. ದಾರಿಯಲ್ಲಿ ಮೂರು ಸಲ ನಿಂತು, ಗಣಂಗೂರು ಟೋಲಿನಲ್ಲಿ ಜಗಳವಾಡಿ, ಕೈಯೆಲ್ಲ ಗ್ರೀಸ್ ಮಾಡಿಕೊಂಡು ತಾವೇ ಓಡಿಸಿಕೊಂಡು ಬಂದ ಹೆರಾಲ್ಡ್ ಕಾರಿನವರಿಗೆ ಸಮಾಧಾನಕರ ಪ್ರಶಸ್ತಿ. ಅತ್ಯುತ್ತಮ ಸ್ಥಿತಿಯ ಕಾರು ಅನ್ನುವ ದೊಡ್ಡ ಕಪ್, ಧೂಳೇ ಇಲ್ಲದ, ಬಿಸಿಯೇ ಆಗದ, ಟೈರಿಗೆ ಪಾಲಿಶ್ ಹಚ್ಚಿದ ಒಂದು ಕಾರಿಗೆ. ಅದು ಬಂದದ್ದು ಲಾರಿ ಮೇಲೆ. ಕೆಟ್ಟವರಿಗೆ ಅಂತ ಇಟ್ಟಿದ್ದ ಲಾರಿ ಸಾಲದೆ ಅವರದೇ ಬೇರೆ ಲಾರಿ ಮಾಡಿಸಿದ್ದರು.

ಆ ಲಾರಿಗೂ ವಯಸ್ಸಾಗಿದೆ. ವರ್ಷ ವರ್ಷ, ಓಡಲು ಯೋಗ್ಯ ಅಂತ, ಎಫ್‌ಸಿ ಮಾಡಿಸಬೇಕು, ಹೆಚ್ಚಿದ ಶುಲ್ಕ ಕಟ್ಟಬೇಕು, ಎಲ್ಲೇ ನಿಲ್ಲಿಸಿದರೂ ದಾಖಲೆ ತೋರಿಸಬೇಕು. ಕಪ್ ಗೆದ್ದ ಕಾರನ್ನು ಬೆಂಗಳೂರಿಂದ ಮೈಸೂರಿಗೆ ಒಂದು ಗೀರೂ ಬೀಳದ ಹಾಗೆ ಹೊತ್ತು ತಂದದ್ದು ಅದೇ. ಎಲ್ಲರೂ ಫೋಟೋಗೆ ನಿಂತಾಗ ಕಾರ್ಯದರ್ಶಿಗಳು ಡ್ರೈವರ್ ಕಡೆ ತಿರುಗಿ ಕೈ ಬೀಸಿದರು: ‘ಲಾರಿ ಸ್ವಲ್ಪ ಆಚೆ ತೆಗಿಯಪ್ಪಾ, ಫೋಟೋದಲ್ಲಿ ಬರ್ತಾ ಇದೆ.’