ಕಾಗದದ ಲೋಟ

ನಿನ್ನೆ ಹುಬ್ಬಳ್ಳಿಯಲ್ಲಿ ಕಾಕಾನ ಮನೆಗೆ ಹೋದಾಗ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂದಿತು, ನನ್ನೊಬ್ಬನಿಗೆ ಮಾತ್ರ ಕಾಗದದ ಲೋಟದಲ್ಲಿ. ಬಿಸಿಗೆ ಅದರ ಅಂಚು ಮೆತ್ತಗಾಗಿ ಒಳಕ್ಕೆ ಬಾಗುವವರೆಗೂ ನಾನು ಅದನ್ನೇ ನೋಡುತ್ತ ಕುಳಿತಿದ್ದೆ.

ಕ್ಷಯರೋಗಕ್ಕೆ 6 ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ, ಧಾರವಾಡದ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ದಿನ ಕಳೆದು, ಕಫದಲ್ಲಿ ರೋಗಾಣು ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಹೊರಬಂದವನಿಗೆ ಇನ್ನೂ ಎಷ್ಟು ದಿನ ಈ ಶಿಕ್ಷೆ? ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಈ ರೋಗಾಣುವನ್ನು 1882ರಲ್ಲಿಯೇ ತೋರಿಸಿಕೊಟ್ಟರು. ಅದು ಹರಡುವುದು ಗಾಳಿಯಿಂದ. ಲೋಟ, ತಟ್ಟೆ, ಹಾಸಿಗೆಗಳಿಂದಲ್ಲ. ಸರಿಯಾದ ಔಷಧ ಶುರುವಾದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ಇತರರಿಗೆ ಅಂಟುವುದೂ ನಿಲ್ಲುತ್ತದೆ. ಇದನ್ನು ಎಷ್ಟು ಮಂದಿಗೆ, ಎಷ್ಟು ಸಲ ಹೇಳಲಿ?

ಬಸ್ಸಿನಲ್ಲಿ ಒಮ್ಮೆ ಗಂಟಲು ಸರಿಪಡಿಸಿಕೊಂಡರೆ ಪರಿಚಯದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ನನ್ನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಗೆ ಕೈ ಹಾಕಿ ತಿನ್ನುತ್ತಿದ್ದ ಗೆಳೆಯರು ಈಗ “ಹೊಟ್ಟಿ ತುಂಬೇತಿ” ಎನ್ನುತ್ತಾರೆ. ಕೋಣೆಯೊಳಗಿದ್ದಾಗ ಒಂಟಿತನಕ್ಕೆ ಒಂದು ಕಾರಣವಾದರೂ ಇತ್ತು; ಈಗ ಏನಿದೆ?

ಆರಿದ ಚಹಾದೊಂದಿಗೆ ಆ ಲೋಟವನ್ನು ಕಾಕೂ ಎರಡೇ ಬೆರಳುಗಳಿಂದ ಎತ್ತಿ ಹೊರಗೊಯ್ದರು. ಚಿಕ್ಕಂದಿನಲ್ಲಿ ನನಗೆ ತುತ್ತು ಮಾಡಿ ಉಣಿಸಿದ ಕೈ ಅದು.